ಗೊಂಚಲಮ್ಮನ ಹಿಂದೆ ಯಾರೂ ಇರಬಾರದು

ಇನ್ನೂ ಸ್ವಲ್ಪ ಹತ್ತಿರ ಇಡು ಮಗೂ, ಆ ಫೋನನ್ನ. ಅಷ್ಟು ದೂರ ಇಟ್ಟರೆ ನಾನು ಕೂಗಬೇಕಾಗುತ್ತೆ, ಕೂಗಿದ್ರೆ ಪಕ್ಕದ ಮನೆಯವಳು ಜಗಳ ಅಂದುಕೊಂಡು ಬರ್ತಾಳೆ. ಹಾಂ, ಅಲ್ಲೇ, ನನ್ನ ಕನ್ನಡಕದ ಡಬ್ಬಿಗೆ ಒರಗಿಸಿ ಇಡು. ಎಲ್ಲಿದ್ದೆ ನಾನು? ಕೆರೆ ಓಟ. ಇರು, ಓಟಕ್ಕೆ ಆಮೇಲೆ ಬರ್ತೀನಿ. ನಿನ್ನ ಚಿಕ್ಕಜ್ಜಿ ಎಂಥವಳು ಅಂತ ಮೊದಲು ಹೇಳದೆ ಓಟದ ಕಥೆ ಹೇಳಿದ್ರೆ ಉಪ್ಪು ಹಾಕದೆ ಊಟ ಬಡಿಸಿದ ಹಾಗೆ.

ನನ್ನ ತಂಗಿಯನ್ನ ಆ ಈಜುಕೊಳದಲ್ಲಿ ಯಾರೂ ಹೆಸರು ಹಿಡಿದು ಕರೆಯಲ್ಲ. ಗೊಂಚಲಮ್ಮ ಅಂತಾರೆ. ಸೊಂಟದಲ್ಲಿ ಅಷ್ಟು ದೊಡ್ಡ ಕೀಲಿಗೊಂಚಲು. ಬಟ್ಟೆ ಬದಲಾಯಿಸೋ ಕೋಣೆಯದು, ಪಂಪಿನ ಮನೆಯದು, ನೀರಿಗೆ ಹಾಕೋ ಔಷಧಿ ಪುಡಿ ಇಡೋ ಉಗ್ರಾಣದ್ದು, ಹಿಂಬಾಗಿಲಿನದು, ಇನ್ನೊಂದು ಯಾವುದಕ್ಕೂ ಸೇರದ್ದು, ಅದನ್ನ ಎಸೆಯೋಕೂ ಮನಸ್ಸಿಲ್ಲ. ಅವಳು ನಡೆದು ಬಂದ್ರೆ ಮೊದಲು ಸದ್ದು ಬರುತ್ತೆ, ಆಮೇಲೆ ಅವಳು ಬರ್ತಾಳೆ. ಸಣ್ಣ ಮಕ್ಕಳು ನೀರಲ್ಲಿ ಕಿತ್ತಾಡ್ತಾ ಇದ್ದೋರು ಆ ಝಣಝಣ ಕೇಳಿದ ಕೂಡಲೆ ಹಸುಗೂಸುಗಳಾಗಿಬಿಡ್ತಾರೆ.

ಕೆಲಸಕ್ಕೆ ಸೇರಿದಾಗ ಎಲ್ಲರೂ ನಕ್ಕಿದ್ವಿ. ಅವಳಿಗೆ ಈಜೋಕೆ ಬರಲ್ಲ! ಇವತ್ತಿಗೂ ಬರಲ್ಲ. ಸ್ನಾನದ ನೀರು ಮೂಗಿಗೆ ಹೋದ್ರೆ ಮನೆಯೆಲ್ಲ ಎದ್ದು ನಿಲ್ಲಬೇಕು. ಆದ್ರೆ ಅವಳ ಕೆಲಸ ಈಜೋದಲ್ಲ. ಸಂಜೆ ಕೊಳ ಮುಚ್ಚೋ ಹೊತ್ತಿಗೆ ಒಳಗೆ ಯಾರೂ ಉಳಿದಿಲ್ಲ ಅಂತ ನೋಡಿ ದೀಪ ಆರಿಸೋದು. ಅಷ್ಟೇ. ಕೇಳೋಕೆ ಎಷ್ಟು ಸುಲಭ! ಒಂದು ದಿನ ಎಲ್ಲರೂ ಹೋಗಿ ಆಗಿದೆ, ದೀಪದ ಗುಂಡಿ ಮೇಲೆ ಬೆರಳಿಟ್ಟಿದ್ದಾಳೆ. ಏನೋ ಸಮಾಧಾನ ಇಲ್ಲ. ಇನ್ನೊಂದು ಸುತ್ತು ಹೋಗಿ ನೋಡ್ತಾಳೆ, ಜಿಗಿಯೋ ಹಲಗೆ ಕೆಳಗಿನ ಮೂಲೆಯಲ್ಲಿ ಒಬ್ಬ ಮುದುಕಪ್ಪ ಮೆಲ್ಲಗೆ, ಮಕಾಡೆ ಅಲ್ಲ, ಅಂಗಾತ, ಕಣ್ಣು ಮುಚ್ಚಿ ತೇಲ್ತಾ ಇದಾನೆ! ಇವಳು ಕಿರುಚಿದ ಕಿರುಚಿಗೆ ಪಂಪಿನೋನು ಓಡಿ ಬಂದ. ಆ ಮುದುಕಪ್ಪ ಒಂದು ಕಣ್ಣು ತೆರೆದು, "ಏನಮ್ಮಾ, ನಿದ್ದೆ ಬರ್ತಿತ್ತು, ಹಾಳು ಮಾಡಿದೆ" ಅಂದನಂತೆ. ಅವನಿಗೇನೂ ಆಗಿರಲಿಲ್ಲ. ಆಗಿದ್ದು ಇವಳಿಗೆ. ಅವತ್ತಿನಿಂದ ಯಾವ ಜಾಗದಿಂದಲೂ ಇವಳು ಕೊನೆಯವಳಾಗಿಯೇ ಹೊರಗೆ ಬರೋದು. ಮದುವೆ ಮನೆ ಇರಲಿ, ಆಸ್ಪತ್ರೆ ಇರಲಿ, ಬಸ್ಸಿರಲಿ. ಬಸ್ಸಿನಲ್ಲಿ ಡ್ರೈವರ್ ಇಳಿಯೋ ತನಕ ಕೂತಿರ್ತಾಳೆ ಮಗೂ! ನಾನು ಎಷ್ಟು ಸಲ ಸ್ಟ್ಯಾಂಡಿನಲ್ಲಿ ಕೈಚೀಲ ಹಿಡ್ಕೊಂಡು ಬಿಸಿಲಿಗೆ ಒಣಗಿಲ್ಲ.

ಈಗ ನಿನ್ನ ಚಿಕ್ಕಜ್ಜ. ಅವನದು ಗಾಜಿನ ಕೆಲಸ, ಅದು ನಿನಗೆ ಗೊತ್ತು. ಕಿಟಕಿಗೆ, ಬಾಗಿಲಿಗೆ, ಅಂಗಡಿ ಮುಂಭಾಗಕ್ಕೆ ಗಾಜು ಕೂರಿಸೋದು. ಈ ಬೀದಿಯ ಅರ್ಧ ಮನೆಗಳ ಬೆಳಕು ಅವನ ಕೈಯಿಂದ ಬಂದದ್ದು. ಹಲಗೆ ಗಾಜು ಎತ್ಕೊಂಡು ಬೀದಿಯಲ್ಲಿ ಹೋಗ್ತಿದ್ರೆ ಬರೀ ಎರಡು ಕೈ, ಎರಡು ಕಾಲು, ನಡುವೆ ಆಕಾಶ ಹೋಗ್ತಾ ಇದೆ ಅನ್ನಿಸೋದು. ಮಾತು ಕಮ್ಮಿ. ಮಾತಾಡಿದ್ರೆ ಒಂದು ಚುಚ್ಚು ಇದ್ದೇ ಇರುತ್ತೆ.

ಅವನಿಗೆ ಎದೆನೋವು ಬಂದ ದಿನದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ ಅನ್ಸುತ್ತೆ. ಅವತ್ತು ಇಬ್ಬರೂ ನಮ್ಮನೆಗೆ ಊಟಕ್ಕೆ ಬರಬೇಕಿತ್ತು. ಇವಳು ಅಂಗಡಿ ಹತ್ತಿರ ಹೋಗಿ, "ಹೊತ್ತಾಯ್ತು, ನಾನು ಹೋಗ್ತಾ ಇರ್ತೀನಿ, ನೀವು ಬಾಗಿಲು ಹಾಕ್ಕೊಂಡು ಬನ್ನಿ" ಅಂತ ಹೇಳಿ ಮುಂದೆ ಹೊರಟಳು. ಜೀವಮಾನದಲ್ಲಿ ಒಂದೇ ಸಲ, ಮುಂದೆ. ಬೀದಿ ತುದಿ ತನಕ ಬಂದಿದ್ದಾಳೆ. ಹಿಂದೆ ಚಪ್ಪಲಿ ಸದ್ದಿಲ್ಲ. ತಿರುಗಿ ಓಡಿ ಹೋಗಿ ನೋಡ್ತಾಳೆ, ಮನುಷ್ಯ ನೆಲದ ಮೇಲೆ. ಪಕ್ಕದಲ್ಲಿ ದೊಡ್ಡ ಗಾಜು ಗೋಡೆಗೆ ಒರಗಿಸಿ ಇಟ್ಟಿದೆ, ಕೆಳಗೆ ಗೋಣಿತಾಟು ಹಾಕಿ, ಜಾರದ ಹಾಗೆ. ಎದೆ ಹಿಂಡ್ತಾ ಇದ್ರೂ ಗಾಜನ್ನ ನೆಟ್ಟಗೆ ಇಳಿಸಿ, ಆಮೇಲೆ ಬಿದ್ದಿದಾನೆ! ಒಂದು ಗೀರು ಬಿದ್ದಿರಲಿಲ್ಲ ಅದಕ್ಕೆ. ಆ ಗಾಜು ಈಗಲೂ ಅಂಗಡೀಲಿದೆ, ಮಾರಲ್ಲ ಅಂತಾನೆ.

ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ. ತಪ್ಪಿತು. ಆಪರೇಷನ್ ಆಯ್ತು, ಮನೆಗೆ ಬಂದ. ಆದ್ರೆ ನೋಡು, ಜೀವಮಾನವೆಲ್ಲ ಗಾಜು ಹೊತ್ತವನನ್ನ ಮನೇಲಿ ಗಾಜಿನ ಥರ ಹೊರೋಕೆ ಶುರು ಮಾಡಿದಳು. ಬಕೆಟ್ ಮುಟ್ಟೋ ಹಾಗಿಲ್ಲ. ಮೆಟ್ಟಿಲು ಹತ್ತೋ ಹಾಗಿಲ್ಲ. ಬಚ್ಚಲಿಗೆ ಹೋದ್ರೆ ಬಾಗಿಲ ಹೊರಗೆ ಮಣೆ ಹಾಕ್ಕೊಂಡು ಕೂರೋಳು. ಒಳಗಿಂದ ಅವನು, "ಇದ್ದೀನಿ ಕಣೇ, ಇನ್ನೂ ಇದ್ದೀನಿ" ಅಂತ ಕೂಗಬೇಕು. ಡಾಕ್ಟರೇ ಹೇಳಿದ್ರು, ನಡೀರಿ, ಓಡಾಡಿ, ಅಂಗಡಿಗೂ ಹೋಗಿ, ಭಾರ ಮಾತ್ರ ಇಬ್ಬರಾಗಿ ಎತ್ತಿ ಅಂತ. ಅದಕ್ಕೆ ಇವಳೇನು ಹೇಳಬೇಕು? "ಡಾಕ್ಟರು ಅವರ ಮನೇಲಿರ್ತಾರೆ. ನಮ್ಮನೇಲಿರೋಳು ನಾನು."

ಅಂಗಡಿ ಕೀಲಿ ಎಲ್ಲಿ ಹೋಯ್ತು ಅಂದುಕೊಂಡೆ? ಗೊಂಚಲಿಗೆ. ಪಂಪಿನ ಮನೆ ಕೀಲಿಗೂ ಉಗ್ರಾಣದ ಕೀಲಿಗೂ ನಡುವೆ ಹೋಗಿ ಕೂತ್ಕೊಂಡಿತು. ಪಾಪ, ಅವನು ದಿನವೆಲ್ಲ ಮನೆ ಕಿಟಕಿ ಹತ್ತಿರ ಕೂತು ಎದುರು ಮನೆಗಳ ಗಾಜು ನೋಡೋನು. "ಆ ಮೂರನೆಯದು ಸೊಟ್ಟ ಕೂರಿಸಿದಾರೆ" ಅನ್ನೋನು. ಮುಖ ದಿನಾ ಸಣ್ಣಗಾಗ್ತಾ ಬಂತು. ನನಗೆ ಭಯ ಹುಟ್ಟಿದ್ದು ಅವನ ಎದೆ ಬಗ್ಗೆ ಅಲ್ಲ ಮಗೂ. ಕೆಲಸ ಇಲ್ಲದ ಕೈ ನೋಡಿ. ತುತ್ತು ಎತ್ತೋವಾಗ ನಡುಗೋಕೆ ಶುರುವಾಗಿತ್ತು.

ಸ್ವಲ್ಪ ನೀರು ಕೊಡು. ಸಾಕು.

ಹಾಂ, ಓಟ. ಈಜುಕೊಳದ ಹಿಂದೆ ಆ ದೊಡ್ಡ ಕೆರೆ ಇದೆಯಲ್ಲ, ನಾವು ಚಿಕ್ಕವರಿದ್ದಾಗ ಅದರ ದಡದ ತುಂಬ ಜೊಂಡು. ಆಳೆತ್ತರ. ಅದರೊಳಗೆ ನೀರುಕೋಳಿ ಗೂಡು ಕಟ್ಟೋವು, ಸಂಜೆ ಆದ್ರೆ ಕಿವಿ ಕಿತ್ತು ಹೋಗೋ ಹಾಗೆ ಗಲಾಟೆ. ಆಮೇಲೆ ಜೊಂಡೆಲ್ಲ ಕಿತ್ತು ಕಲ್ಲು ಕಟ್ಟಿದ್ರು, ಚೆಂದ ಕಾಣ್ಲಿ ಅಂತ. ಚೆಂದ ಕಂಡಿತು, ಹಕ್ಕಿ ಹೋದವು, ನೀರು ನಾರಿತು. ಈಗ ಮತ್ತೆ ಜೊಂಡು ನೆಡಬೇಕು, ಅದಕ್ಕೆ ಜನ ಕೆರೆ ಸುತ್ತ ಓಡಬೇಕು, ಓಡೋರೆಲ್ಲ ಕೈಲಾದಷ್ಟು ಕೊಡಬೇಕು ಅಂತ ಒಂದಿಷ್ಟು ಹುಡುಗ ಹುಡುಗಿಯರು ಏರ್ಪಾಟು ಮಾಡಿದ್ರು. ಗೆಲ್ಲೋದು ಸೋಲೋದು ಇಲ್ಲ. ಓಡಬಹುದು, ನಡೀಬಹುದು, ಕುಂಟಬಹುದು. ಎಲ್ಲರಿಗೂ ಹಸಿರು ಬನಿಯನ್ನು, ಬೇಕಾದೋರಿಗೆ ನೀರುಕೋಳಿ ಥರ ರಟ್ಟಿನ ಕೊಕ್ಕು. ಕೊಳದ ಕೆಲಸದೋರು ಎಲ್ಲರೂ ಬರಬೇಕು ಅಂತ ಅವರ ಮೇಲಿನವರು ಹೇಳಿದ್ರು.

ಆ ಬನಿಯನ್ನು ತಗೊಂಡು ತಂಗಿ ನಮ್ಮನೆಗೆ ಬಂದಳು, ಇವನೂ ಬಂದ. ಚಹಾ ಕುಡಿದು ಲೋಟ ಕೆಳಗಿಟ್ಟು ಇವನು ಹೇಳ್ತಾನೆ, "ಅತ್ತಿಗೆ, ನೀವೇ ಸಾಕ್ಷಿ. ನಾನು ಆ ಕೆರೆ ಸುತ್ತು ಹಾಕಿ ನನ್ನ ಕಾಲ ಮೇಲೆ ವಾಪಸ್ ಬಂದ್ರೆ ನನ್ನ ಕೀಲಿ ನನಗೆ ಕೊಡಬೇಕು."

ಇವಳ ಕೈಲಿದ್ದ ಲೋಟ ಅಲ್ಲೇ ನಿಂತಿತು. "ಎಲ್ಲೂ ಕೂರಬಾರದು," ಅಂದಳು.

"ಕೂರಲ್ಲ."

"ನಾನು ಹಿಂದೇನೇ ಇರ್ತೀನಿ."

"ಇರು. ನೀನು ಮುಂದೆ ಹೋಗಿದ್ದು ಯಾವಾಗ? ಆದ್ರೆ ಬಾಯಿ ಬಿಡಬಾರದು. ಉಸಿರು ಹಿಡಿತಾ, ತಲೆ ಸುತ್ತಾ, ನೀರು ಬೇಕಾ, ಒಂದೂ ಕೇಳಬಾರದು. ಕೇಳಿದ್ರೆ ಆಗಲೇ ಕೀಲಿ ನಂದು."

ಅವನು ಕೈ ತೊಳೆಯೋಕೆ ಹೋದಾಗ ನಾನು ಕೇಳಿದೆ, "ಯಾಕೆ ಕಣೆ ಇಷ್ಟು ಹಟ? ಅವನ ಅಂಗಡಿ ಅವನಿಗೆ ಕೊಡು." ಅವಳು ಬನಿಯನ್ನು ಮಡಿಸ್ತಾ ಮಡಿಸ್ತಾ ಹೇಳಿದಳು, "ಒಂದೇ ಒಂದು ದಿನ ಮುಂದೆ ಹೋದೆ ಅಕ್ಕಾ." ಅಷ್ಟೇ. 

ಓಟದ ದಿನ ನನಗೊಂದು ಕುರ್ಚಿ ಹಾಕಿದ್ರು, ಓಟ ಶುರುವಾಗೋ ಜಾಗದಲ್ಲೇ, ಮುಗಿಯೋದೂ ಅಲ್ಲೇ ತಾನೇ. ಗಾಳಿ ತುಂಬಿದ ದೊಡ್ಡ ಕಮಾನು. ನನ್ನ ಮಂಡಿಗೆ ಓಟ ಆಗುತ್ತಾ? ಎಲ್ಲರ ಚೀಲ, ಮೇಲಂಗಿ, ಒಂದು ಮಗುವಿನ ಹಾಲಿನ ಬಾಟ್ಲಿ, ಎಲ್ಲಾ ನನ್ನ ಮಡಿಲಿಗೆ ಹಾಕಿ ಹೋದ್ರು. ಒಂದು ಹುಡುಗಿ ಬಂದು, "ಅಜ್ಜಿ, ನಿಮಗೂ ಒಂದು ಕೊಕ್ಕು" ಅಂತ ರಟ್ಟಿನ ಕೊಕ್ಕನ್ನ ರಬ್ಬರ್ ಸಮೇತ ನನ್ನ ಮುಖಕ್ಕೆ ಹಾಕಿಬಿಟ್ಟಳು. ಉಸಿರಾಡೋಕೆ ಆಗದೆ ಹಣೆ ಮೇಲೆ ತಳ್ಳಿಕೊಂಡೆ. ಆಮೇಲೆ ಅದರ ಜ್ಞಾಪಕವೇ ಹೋಯ್ತು.

ಇಲ್ಲಿಂದ ಮುಂದಿನದನ್ನ ನಾನು ನೋಡಿದ್ದಲ್ಲ. ಮೂರು ಜನ ಮೂರು ಥರ ಹೇಳಿದ್ದನ್ನ ಕೂಡಿಸಿ ಹೇಳ್ತಾ ಇದ್ದೀನಿ. ಮೂರನೆಯವರು ಯಾರು ಅಂತ ಈಗ ಗೊತ್ತಾಗುತ್ತೆ.

ಇಂಥ ಓಟದಲ್ಲಿ ಒಂದು ಪದ್ಧತಿ ಇದೆಯಂತೆ. ಎಲ್ಲರಿಗಿಂತ ಹಿಂದೆ ಒಬ್ಬರು ನಡೀಬೇಕು. ಯಾರಿಗಾದ್ರೂ ಕಾಲು ಉಳುಕಿತು, ಸುಸ್ತಾಯ್ತು ಅಂದ್ರೆ ನೋಡ್ಕೊಳ್ಳೋಕೆ. ಅವರು ಬಂದ್ರು ಅಂದ್ರೆ ಎಲ್ಲರೂ ಬಂದ ಹಾಗೆ. ಆ ಕೆಲಸಕ್ಕೆ ಯಾರನ್ನ ಹಾಕಿದ್ರು ಅಂತೀಯ? ರೈಲಿನ ಗಾರ್ಡು! ನಿವೃತ್ತಿ ಆದೋರು. ಜೀವಮಾನವೆಲ್ಲ ಕೊನೇ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿದೋರು. ಅವತ್ತೂ ಬಾವುಟ ತಂದಿದ್ರು, ಕೊರಳಲ್ಲಿ ಸೀಟಿ.

ಶುರುವಿನಲ್ಲಿ ಎಲ್ಲಾ ಚೆನ್ನಾಗಿತ್ತು. ಓಡೋರು ಓಡಿ ಹೋದ್ರು, ಕೊಕ್ಕಿನ ಮಕ್ಕಳು ಕ್ವಾಕ್ ಕ್ವಾಕ್ ಅಂತ ಹೋದ್ರು. ಕೊನೆಗೆ ಉಳಿದಿದ್ದು ನಿನ್ನ ಚಿಕ್ಕಜ್ಜ, ಅವನ ಹಿಂದೆ ಝಣಝಣ ಇವಳು, ಅವಳ ಹಿಂದೆ ಗಾರ್ಡು. ಓಟಕ್ಕೆ ಬರೋವಾಗಲೂ ಗೊಂಚಲು ಬಿಟ್ಟು ಬಂದಿರಲಿಲ್ಲ ಮಹಾರಾಯ್ತಿ.

ಸ್ವಲ್ಪ ದೂರ ಹೋದ ಮೇಲೆ ಇವಳಿಗೆ ಬೆನ್ನಲ್ಲಿ ಏನೋ ಮುಳ್ಳಾಡಿಸಿದ ಹಾಗಾಯ್ತಂತೆ. ಹಿಂದೆ ಯಾರೋ ಇದಾರೆ! ತಿರುಗಿ ನಿಂತು, "ನೀವು ಹೋಗಿ ಸ್ವಾಮಿ," ಅಂದಳು.

"ನೀವು ಹೋಗಿಯಮ್ಮ, ನಂದು ಕೊನೇದು."

"ಪರವಾಗಿಲ್ಲ ಹೋಗಿ. ನಾನು ಯಾವಾಗಲೂ ಕೊನೇಗೇ ಬರೋದು."

"ಅದು ಹೇಗಾಗುತ್ತಮ್ಮ? ಗಾರ್ಡಿನ ಡಬ್ಬಿ ಹಿಂದೆ ಇನ್ನೊಂದು ಡಬ್ಬಿ ಇರುತ್ತಾ?"

ಲೋಕದಲ್ಲಿ ಜನ ನಾ ಮುಂದು ತಾ ಮುಂದು ಅಂತ ಬಡಿದಾಡ್ತಾರೆ. ಇವರಿಬ್ಬರು ನಾ ಹಿಂದು ತಾ ಹಿಂದು! ಅವಳು ನಿಂತ್ರೆ ಅವರು ನಿಲ್ಲೋದು. ಅವರು ಬೂಟಿನ ದಾರ ಕಟ್ಟೋಕೆ ಬಗ್ಗಿದ್ರೆ ಅವಳು ಅದೇ ಸಂದು ಅಂತ ಸರ್ರನೆ ಅವರ ಹಿಂದೆ ಹೋಗಿ ನಿಲ್ಲೋದು. ಅವರು ದಾರ ಅರ್ಧಕ್ಕೇ ಬಿಟ್ಟು ಇವಳ ಹಿಂದೆ ಬರೋದು. ದಡದಲ್ಲಿ ದೋಣಿ ಇಡೋ ಶೆಡ್ಡು ಸಿಕ್ತು. ಇವಳಿಗೆ ಬಾಗಿಲು ಕಂಡ್ರೆ ಸುಮ್ಮನಿರೋಕೆ ಆಗುತ್ತಾ? ಒಳಗೆ ಯಾರಾದ್ರೂ ಉಳಿದಿದ್ರೆ ಅಂತ ತಳ್ಳಿ ನೋಡಿದಳು. "ಯಾರೂ ಇಲ್ಲ," ಅಂದಳು. "ನಾನೂ ಒಂದ್ಸಲ ನೋಡ್ತೀನಿ," ಅಂದ್ರು ಅವರು. ಅವರು ಒಳಗೆ ಹೋದಾಗ ಇವಳು ಹೊರಗೆ ಕಾದಳು. ಒಳಗೆ ಒಬ್ಬರನ್ನ ಬಿಟ್ಟು ಹೋಗೋಳಲ್ಲವಲ್ಲ! ಅವರು ಹೊರಗೆ ಬಂದು ನೋಡಿದ್ರೆ ಇವಳು ಬಾಗಿಲ ಪಕ್ಕ ನಿಂತಿದಾಳೆ. "ನೀವು ನಡೀರಿ." "ಇಲ್ಲ, ನೀವು ನಡೀರಿ."

ಈ ಜಗಳದಲ್ಲಿ ಮುಂದೆ ಹೋಗ್ತಿದ್ದ ಗಂಡನ ಮೇಲೆ ಕಣ್ಣಿಡೋದು ಮರೆತೇ ಹೋಯ್ತು. ಎಣ್ಣೆ ಬಿಟ್ಕೊಂಡು ಕಾಯ್ತಿದ್ದ ಕಣ್ಣು ಅದು! ತಲೆ ಎತ್ತಿ ನೋಡ್ತಾಳೆ, ದಾರಿ ಬರೀ ದಾರಿ. ತಿರುವಿನ ತನಕ ಒಂದು ನರಪಿಳ್ಳೆ ಇಲ್ಲ.

ಈಗ ಇಲ್ಲಿ ನನ್ನ ಕಥೆ ಕೇಳು. ಕಮಾನಿನ ಕೆಳಗೆ ಓಡೋರು ಬಂದ್ರು, ನಡೆಯೋರು ಬಂದ್ರು, ಮಗು ಬಂದು ಹಾಲಿನ ಬಾಟ್ಲಿ ಇಸ್ಕೊಂಡು ಹೋಯ್ತು. ಊರುಗೋಲಿನೋನು ಒಬ್ಬ ಬಂದ, ಎಲ್ಲರೂ ಚಪ್ಪಾಳೆ ಹೊಡೆದ್ರು. ಆಮೇಲೆ ಯಾರೂ ಇಲ್ಲ. ಮಡಿಲು ಖಾಲಿ ಆಯ್ತು. ಹುಡುಗರು ಹಗ್ಗ ಸುತ್ತೋಕೆ ಶುರು ಮಾಡಿದ್ರು. ಯಾರೋ ಏನೋ ಕಿತ್ರು ನೋಡು, ಆ ಕಮಾನು ಉಸ್ಸ್ ಅಂತ ಮಲಗಿಬಿಟ್ಟಿತು. ನನ್ನ ಎದೆಯೂ ಹಾಗೇ ಇಳೀತು.  ಯಾರನ್ನ ಕೇಳಿದ್ರೂ, "ಹಿಂದೆ ಗಾರ್ಡ್ ಇದಾರಜ್ಜಿ, ಏನೂ ಆಗಲ್ಲ" ಅಂತಾರೆ, ನನ್ನ ಹಣೆ ನೋಡಿ ನಗ್ತಾರೆ. ನನಗೆ ರೋಷ. ಇಲ್ಲಿ ನನ್ನ ಜೀವ ಹೋಗ್ತಿದೆ, ಇವಕ್ಕೆ ನಗು! ಕೊಕ್ಕು ಇರೋದು ನನಗೆಲ್ಲಿ ಜ್ಞಾಪಕ.

ಅಷ್ಟರಲ್ಲಿ ತಿರುವಿನಲ್ಲಿ ಒಂದು ಹಸಿರು ಬನಿಯನ್ನು. ಒಂದೇ. ಮೆಲ್ಲಗೆ, ನೆಟ್ಟಗೆ, ಗಾಜು ಹಿಡ್ಕೊಂಡು ಬರೋನ ಹಾಗೆ ಎರಡು ಕೈ ಸ್ವಲ್ಪ ಮುಂದೆ ಮಾಡಿಕೊಂಡು ಬರ್ತಾ ಇದಾನೆ. ಹೋದ ಜೀವ ಬಂದ ಹಾಗಾಯ್ತು ಮಗೂ. ಕೋಲು ಊರಿ ಎದ್ದು ನಿಂತೆ. ಅವನ ಮುಖದಲ್ಲಿ ನಗು. ಎಷ್ಟೋ ತಿಂಗಳ ಮೇಲೆ ಕಂಡ ನಗು. ಸೀಟಿ ಹಾಕ್ತಾ ಇದ್ದ ಬೇರೆ! ಆಮೇಲೆ ಹೇಳಿದ, ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲವಂತೆ. ಅವಳು ಬೇಜಾರಾಗಿ ದೋಣಿ ಶೆಡ್ಡಿನ ಪಕ್ಕದ ಒಳದಾರಿಯಿಂದ ಅಕ್ಕನ ಹತ್ತಿರ ವಾಪಸ್ ಹೋಗಿರಬೇಕು, ಕೊನೆಗೂ ನನ್ನ ಒಬ್ಬನನ್ನೇ ಬಿಟ್ಟಳಲ್ಲ ಅಂತ ಇವನಿಗೆ ಖುಷಿ.

ಗೆರೆ ಇದ್ದ ಜಾಗಕ್ಕೆ ಇನ್ನೇನು ಬಂದೇಬಿಟ್ಟ. ನನ್ನ ನೋಡಿದ. ನನ್ನ ಪಕ್ಕ ನೋಡಿದ. ನಗು ನಿಂತಿತು.

"ಅವಳೆಲ್ಲಿ ಅತ್ತಿಗೆ?"

"ನಿನ್ನ ಹಿಂದೆ ಇಲ್ಲವೇನಪ್ಪಾ?"

ಅವನು ಬಂದ ದಾರಿಗೇ ತಿರುಗಿಬಿಟ್ಟ. "ಏಯ್, ಇನ್ನೊಂದು ಹೆಜ್ಜೆ ಇಟ್ಟು ಹೋಗೋ, ಮುಗಿದು ಹೋಗುತ್ತೆ!" ಅಂತ ಕೂಗಿದೆ. ಕೇಳಿಸ್ಕೊಂಡ್ರೆ ತಾನೆ. ಮೆಲ್ಲಗೆ ಬಂದೋನು ಈಗ ದಾಪುಗಾಲು. ನನ್ನ ಸ್ಥಿತಿ ಯೋಚನೆ ಮಾಡು. ತಂಗಿಗೆ ಏನಾಯ್ತೋ ಅಂತ ಒಂದು ಕಡೆ, ಇವನು ಹೀಗೆ ಹೋಗ್ತಿದಾನಲ್ಲ ಅಂತ ಒಂದು ಕಡೆ. ಯಾರನ್ನ ಕೂಗಲಿ?

ತಿರುವಿನ ಆಚೆ ಅವರು ಎದುರಾದ್ರಂತೆ. ಇವಳು ಓಡ್ತಾ ಬರ್ತಾ ಇದ್ದಳು. ಓಡ್ತಾ! ಗೊಂಚಲು ಕೈಲಿ ಹಿಡ್ಕೊಂಡು. ಗಾರ್ಡು ಬೂಟಿನ ದಾರ ತುಳ್ಕೊಂಡು ಹಿಂದೆ. ಗಂಡ ಎದುರಿಗೆ ಬರೋದು ಕಂಡು ಇವಳು ಅಲ್ಲಿಂದಲೇ, "ನಿಧಾನಾ! ನಿಧಾನಾ ರೀ!" ಅಂತ ಕಿರುಚಿದಳು. ಅವನು ಅದಕ್ಕಿಂತ ಜೋರಾಗಿ, "ಎಲ್ಲಿ ಹಾಳಾಗಿ ಹೋಗಿದ್ಯೇ? ನಿನ್ನ ಕಾಣದೆ ನನ್ನ ಎದೆ ಒಡೆದು ಹೋಗ್ತಿತ್ತು!" ಅಂದ.

ಆ ಮಾತು ಬಾಯಿಂದ ಬಿದ್ದ ಮೇಲೆ ತಾನು ಅಂದದ್ದೇನು ಅಂತ ಅವನಿಗೇ ಹೊಳೀತು. ಎದೆ ಮೇಲೆ ಕೈ ಇಟ್ಟುಕೊಂಡ. ಇವಳ ಮುಖ ಬಿಳಿಚಿತು.  ಕೊನೆಗೆ ಗಾರ್ಡು ಮೆಲ್ಲಗೆ, "ಒಡೆದಿಲ್ಲವಲ್ಲ?" ಅಂದ್ರು.

ಇವನು ಒಳಗಿನ ಸದ್ದು ಕೇಳಿಸ್ಕೊಳ್ಳೋ ಹಾಗೆ ತಲೆ ಬಗ್ಗಿಸಿದ. "ಇಲ್ಲ," ಅಂದ. "ಬಡ್ಕೋತಾ ಇದೆ. ಚೆನ್ನಾಗೇ ಬಡ್ಕೋತಾ ಇದೆ."

ಆಗ ನಿನ್ನ ಚಿಕ್ಕಜ್ಜಿ ಅವನ ಎದೆ ಮೇಲೆ ಅಂಗೈ ಇಟ್ಟಳಂತೆ. ಗಾರ್ಡು ಕೆರೆ ಕಡೆ ತಿರುಗಿ ನಿಂತ್ರಂತೆ. ಎಷ್ಟು ಹೊತ್ತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೂವರೂ ಬಂದ್ರು. ಅವನು ಮುಂದೆ, ಇವಳು ನಡುವೆ, ಗಾರ್ಡು ಹಿಂದೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ಮೂವರಿಗೂ. ಗಾರ್ಡಿಗೆ ನಾನು ಯಾರು ಅಂತಲೂ ಗೊತ್ತಿಲ್ಲ ಪಾಪ, ತಲೆ ತಗ್ಗಿಸಿ ಬೈಸ್ಕೊಂಡ್ರು. ಬೈದು ಮುಗಿದ ಮೇಲೆ ನನ್ನ ತಂಗಿ ಏನು ಮಾಡಿದಳು ಗೊತ್ತಾ? ಗಂಡನ ಹಿಂದೆ ಹೋಗಿ ಪ್ಯಾಂಟಿನ ಕುಂಡೆ ನೋಡಿದಳು! ಎಲ್ಲಾದ್ರೂ ಕೂತಿದ್ರೆ ಧೂಳಿರಬೇಕಲ್ಲ. ಅಲ್ಲಿ ಏನೂ ಇಲ್ಲ. ಆದ್ರೆ ಭುಜದ ಮೇಲೆ ಹಸಿರು ಪಾಚಿ.

"ಇದೇನು?"

"ಮರ. ಒರಗಿದ್ದೆ ಒಂದು ಗಳಿಗೆ."

ಇಬ್ಬರೂ ನನ್ನ ಮುಖ ನೋಡಿದ್ರು. ನಾನಲ್ಲವಾ ಸಾಕ್ಷಿ. "ಒರಗೋದು ಬೇರೆ, ಕೂರೋದು ಬೇರೆ," ಅಂದೆ. "ಆದ್ರೆ ಗೆರೆ ಇನ್ನೂ ದಾಟಿಲ್ಲ." ಗೆರೆ ಎಲ್ಲಿದೆ? ಹಗ್ಗ ಗಾಡಿಗೆ ಹೋಗಿದೆ, ಕಮಾನು ಮಡಿಸಿ ಆಗಿದೆ. ನನ್ನ ಕೋಲನ್ನೇ ನೆಲದ ಮೇಲೆ ಅಡ್ಡ ಇಟ್ಟೆ. "ಇದು ಗೆರೆ. ದಾಟಿ."

ಅವನು ದಾಟಿದ. ಇವಳು ಕೋಲಿನ ಹತ್ತಿರ ಬಂದು ನಿಂತಳು. ಗಾರ್ಡೂ ನಿಂತ್ರು. ಅಯ್ಯೋ, ಮತ್ತೆ ಶುರುವಾಯ್ತಲ್ಲ ಅಂದುಕೊಂಡೆ. ಇವಳು ಒಂದು ಸಲ ಅವರನ್ನ ನೋಡಿದಳು, ಒಂದು ಸಲ ಆಚೆ ನಿಂತ ಗಂಡನ್ನ. "ಹಿಂದೆ ಯಾರೂ ಇಲ್ಲ ತಾನೇ?" ಅಂತ ಅವರನ್ನ ಕೇಳಿದಳು. ಅವರು ಬಾವುಟ ಬಿಚ್ಚಿ, ಸೀಟಿ ಊದಿ, "ಇಲ್ಲಮ್ಮ. ಗಾಡಿ ಬಿಡಬಹುದು," ಅಂದ್ರು.

ದಾಟಿದಳು ಮಗೂ. ದಾಟಿದವಳೇ ತಿರುಗಿ ನಿಂತು, ಅವರೂ ದಾಟೋ ತನಕ ನೋಡಿದಳು, ಅವರ ಹಿಂದಿನ ದಾರಿಯನ್ನೂ ಒಂದು ಸಲ ನೋಡಿದಳು. ಹುಟ್ಟು ಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ. ಆದ್ರೂ ದಾಟಿದಳು.

ಆಮೇಲೆ ಗೊಂಚಲು ಮಡಿಲಲ್ಲಿಟ್ಟುಕೊಂಡು ನನ್ನ ಕುರ್ಚಿ ಪಕ್ಕ ನೆಲದ ಮೇಲೆ ಕೂತಳು. ಅಂಗಡಿ ಕೀಲಿ ಬಿಡಿಸ್ತಾಳೆ, ಬರಲ್ಲ. ಕೀಲಿ ಪೋಣಿಸಿದ ಬಳೆ ಬಿಗಿ. ಉಗುರು ಮುರೀತು. ಅವನು ನೋಡ್ತಾ ನಿಂತಿದಾನೆ, ಕೈ ಮುಂದೆ ಮಾಡಲ್ಲ. ಅವಳೇ ಕೊಡಲಿ ಅಂತ. ಕೊನೆಗೆ ನನ್ನ ತಲೆಯ ಪಿನ್ನು ಕಿತ್ತು ಕೊಟ್ಟೆ, ಅದನ್ನ ಸಂದಿಗೆ ಹಾಕಿ ಎತ್ತಿದಳು, ಟಣ್ ಅಂತ ಬಂತು. ಕೊಟ್ಟಳು. ಅವನು ಅದನ್ನ ಗಾಜಿನ ಮೇಲಿನ ಧೂಳು ಊದೋ ಹಾಗೆ ಒಂದು ಸಲ ಊದಿ ಜೇಬಿಗೆ ಹಾಕ್ಕೊಂಡ. ನಾವು ಏನಾದ್ರೂ ಒಳ್ಳೇ ಮಾತು ಹೇಳ್ತಾನೆ ಅಂತ ಕಾದ್ರೆ, ನನ್ನ ಕಡೆ ತಿರುಗಿ, "ಅತ್ತಿಗೆ, ಆ ಕೊಕ್ಕು ನಿಮಗೆ ಚೆನ್ನಾಗಿ ಒಪ್ಪುತ್ತೆ. ತೆಗೀಬೇಡಿ," ಅನ್ನಬೇಕಾ!

ಅವತ್ತು ನಾನು ಮನೆಗೆ ಬಂದು ಮಲಗಿದ ನಿದ್ದೆ, ಆ ಮುದುಕಪ್ಪ ನೀರಿನ ಮೇಲೆ ಮಲಗಿದ್ದನಲ್ಲ, ಹಾಗೆ.

ಈಗ ಅಂಗಡಿ ತೆಗೆದಿದಾನೆ. ಕೈ ನಡುಗಲ್ಲ, ನಾನೇ ನೋಡಿದೆ, ವಜ್ರದ ಮೊನೆಯಲ್ಲಿ ಗಾಜು ಕೊಯ್ಯೋವಾಗ ದಾರ ಎಳೆದ ಹಾಗೆ ಗೀರಿದ. ಇವಳು ಕೊಳಕ್ಕೆ ಹೋಗ್ತಾ ಅಂಗಡಿ ಮುಂದೆ ಹಾದು ಹೋಗ್ತಾಳೆ, ನಿಲ್ಲಲ್ಲ. ಗೊಂಚಲು ಒಂದು ಸಲ ಅಲ್ಲಾಡಿಸ್ತಾಳೆ. ಒಳಗಿಂದ ಅವನು, "ಇದ್ದೀನಿ ಕಣೇ!" ಅಂತಾನೆ. ಅಷ್ಟೇ. ಆ ಗಾರ್ಡು ಈಗ ಈಜು ಕಲಿಯೋಕೆ ಬರ್ತಾರಂತೆ. ಕೊಳ ಮುಚ್ಚೋ ಹೊತ್ತಿಗೆ ಎಲ್ಲರೂ ನೀರಿಂದ ಎದ್ದ ಮೇಲೇ ತಾನು ಏಳೋದು ಅಂತ ಕೂತಿರ್ತಾರಂತೆ. "ಆ ಮನುಷ್ಯನ್ನ ಹೊರಗೆ ಹಾಕೋದೇ ನನಗೊಂದು ಕೆಲಸ ಅಕ್ಕಾ" ಅಂತ ಬೈತಾಳೆ, ಬೈತಾ ನಗ್ತಾಳೆ. ಜೊಂಡು ನೆಟ್ಟಿದಾರೆ. ಇನ್ನೂ ಮೊಣಕಾಲೆತ್ತರ. ಹಕ್ಕಿ ಬಂದಿಲ್ಲ, ಬರ್ತವೆ. ಅವಕ್ಕೇನು ಅವಸರ.

ಸಾಕು, ಆ ಫೋನು ಆರಿಸು. ಏಳು, ಚಪ್ಪಲಿ ಹಾಕ್ಕೋ. ಬಚ್ಚಲ ಕಿಟಕಿ ಗಾಜು ಬಿರುಕು ಬಿಟ್ಟಿದೆ. ಹೇಗೆ ಅಂತ ಕೇಳಬೇಡ, ನನ್ನ ಕೋಲಿಗೂ ವಯಸ್ಸಾಯ್ತು. ಚಿಕ್ಕಜ್ಜನ ಅಂಗಡಿಗೆ ಹೋಗಿ ಹೇಳು, ಅವನೇ ಬಂದು ಅಳತೆ ತಗೊಂಡು, ಅವನೇ ಗಾಜು ತರಬೇಕು, ಬೇರೆ ಯಾರು ತಂದ್ರೂ ಅತ್ತಿಗೆ ಬಾಗಿಲು ತೆಗೆಯಲ್ಲ ಅಂತ. ತರೋವಾಗ ನೀನೂ ಜೊತೆಗಿರು. ಒಂದು ತುದಿ ಹಿಡ್ಕೋ. ಆದ್ರೆ ಭಾರ ನೀನು ತಗೊಂಡಿದ್ದು ಅವನಿಗೆ ಗೊತ್ತಾಗಬಾರದು, ಆಯ್ತಾ? ಹೋಗು, ಅವನು ಊಟಕ್ಕೆ ಬಾಗಿಲು ಹಾಕೋದ್ರೊಳಗೆ ಹೋಗು.